ಸ್ಪೈಡರ್‌ಮ್ಯಾನ್‌ಗೆ ನೆಗಡಿ

ನಮ್ಮ ಮನೆಗೂ ಪಕ್ಕದ ರಾಯರ ಮನೆಗೂ ನಡುವೆ ಎದೆಮಟ್ಟದ ಒಂದು ಕಾಂಪೌಂಡಿದೆ. ಕಟ್ಟಿಸಿದವರು ಯಾರೋ ಪುಣ್ಯಾತ್ಮರು, ಮೊಣಕೈ ಊರಿ ನಿಲ್ಲುವುದಕ್ಕೆಂದೇ ಅಳತೆ ತೆಗೆದು ಕಟ್ಟಿಸಿದ ಹಾಗಿದೆ. ಅಲ್ಲಿ ನಿಂತು ನಾವು ಕಾವೇರಿ ನೀರು ಯಾವಾಗ ಬಿಡುತ್ತಾರೆ ಎಂಬಲ್ಲಿಂದ ಹಿಡಿದು ಅಮೆರಿಕದ ಚುನಾವಣೆಯವರೆಗೆ ಎಲ್ಲವನ್ನೂ ಇತ್ಯರ್ಥ ಮಾಡಿದ್ದೇವೆ. ಮೊನ್ನೆ ಭಾನುವಾರ ವಿಚಾರಣೆಗೆ ಬಂದದ್ದು ಸೂಪರ್‌ಹೀರೋಗಳ ಕೇಸು. ತಂದವನು ರಾಯರ ಮೊಮ್ಮಗ. ಐದನೇ ಕ್ಲಾಸು. ಮೂಗು ಕಟ್ಟಿದೆ, ಮೈ ಬೆಚ್ಚಗಿದೆ, ಎದೆಯ ಮೇಲೆ ಜೇಡದ ಚಿತ್ರವಿರುವ ಕೆಂಪು ಟೀ ಶರ್ಟು. ಶುಂಠಿ ಮೆಣಸಿನ ಕಷಾಯದ ಲೋಟ ಹಿಡಿದು ಅಜ್ಜಿ ಬೆನ್ನು ಹತ್ತಿದ್ದಾರೆ, ಇವನು ತೆಂಗಿನಮರ ಸುತ್ತುತ್ತಿದ್ದಾನೆ.

“ಸ್ಪೈಡರ್‌ಮ್ಯಾನ್ ಕಷಾಯ ಕುಡಿಯಲ್ಲ ಅಜ್ಜಿ. ಅವನಿಗೆ ನೆಗಡೀನೇ ಬರಲ್ಲ.”

“ಬಂದಿತ್ತು ಮರಿ,” ಎಂದೆ ನಾನು ಕಾಂಪೌಂಡಿನ ಈಚೆಯಿಂದ. “1964ರಲ್ಲಿ.”

ಹುಡುಗ ನಿಂತ. ರಾಯರು ಪೇಪರು ಮಡಚಿದರು. ಅಕ್ಕ, ಅಂದರೆ ರಾಯರ ಮನೆಯವರು, ಇದೇ ಸಮಯ ಅಂತ ಲೋಟವನ್ನು ಅವನ ಬಾಯಿಗೆ ಹಿಡಿದೇಬಿಟ್ಟರು.

ಅಜ್ಜಿಗೆ ಅನುಕೂಲವಾಗಲಿ ಅಂತ ನಾನು ಕಟ್ಟಿದ ಕತೆಯಲ್ಲ ಇದು. ‘ದಿ ಅಮೇಜಿಂಗ್ ಸ್ಪೈಡರ್‌ಮ್ಯಾನ್’ ಕಾಮಿಕ್ಸಿನ 12ನೇ ಸಂಚಿಕೆ, 1964ರ ಮೇ ತಿಂಗಳದ್ದು, ತೆಗೆದು ನೋಡಬಹುದು. ಸ್ಪೈಡರ್‌ಮ್ಯಾನ್ ಮುಖವಾಡದ ಹಿಂದಿರುವ ಹುಡುಗ ಪೀಟರ್ ಪಾರ್ಕರ್‌ಗೆ ಫ್ಲೂ ಹಿಡಿದಿದೆ. ಅದೇ ಹೊತ್ತಿಗೆ ಸರಿಯಾಗಿ, ಮೈಗೆ ನಾಲ್ಕು ಲೋಹದ ತೋಳು ಅಂಟಿಸಿಕೊಂಡಿರುವ ಡಾಕ್ಟರ್ ಆಕ್ಟೋಪಸ್, ಪತ್ರಿಕಾ ಕಚೇರಿಯಲ್ಲಿ ಕೆಲಸ ಮಾಡುವ ಬೆಟ್ಟಿ ಬ್ರಾಂಟ್ ಎಂಬ ಹುಡುಗಿಯನ್ನು ಎತ್ತಿಕೊಂಡು ಹೋಗಿ ನ್ಯೂಯಾರ್ಕಿನ ಕೋನಿ ಐಲ್ಯಾಂಡಿನಲ್ಲಿ ಕೂತು, ತಾಕತ್ತಿದ್ದರೆ ಬಾ ಎಂದು ಕರೆ ಕಳಿಸುತ್ತಾನೆ. ಖಳನಾಯಕರಿಗೆ ಸಿಕ್ ಲೀವ್ ಎಂಬುದೊಂದಿದೆ ಅಂತ ಯಾರು ತಿಳಿಹೇಳಬೇಕು! ಇವನು ಜ್ವರದ ಮೈಯಲ್ಲೇ ಹೋಗುತ್ತಾನೆ. ಗುದ್ದಿದರೆ ಗುದ್ದಿನಲ್ಲಿ ಬಲವಿಲ್ಲ. ಆಕ್ಟೋಪಸ್ಸಿಗೇ ಆಶ್ಚರ್ಯವಾಗುವಷ್ಟು ಸಲೀಸಾಗಿ ಸೋಲುತ್ತಾನೆ. ಪತ್ರಿಕೆಯವರು, ಪೊಲೀಸರು ಎಲ್ಲರ ಎದುರಿಗೇ ಅವನ ಮುಖವಾಡ ಕಿತ್ತುಬರುತ್ತದೆ.

ತಮಾಷೆ ಇರುವುದು ಆಮೇಲೆ. ಮುಖ ಕಂಡರೂ ಯಾರೂ ನಂಬುವುದಿಲ್ಲ. ಅಯ್ಯೋ, ಇದು ನಮ್ಮ ಪೀಟರ್, ಹುಡುಗಿಯನ್ನು ಬಿಡಿಸಿಕೊಂಡು ಹೋಗೋಣ ಅಂತ ವೇಷ ಹಾಕಿಕೊಂಡು ಬಂದಿದ್ದಾನೆ ಪಾಪ, ನಿಜವಾದ ಸ್ಪೈಡರ್‌ಮ್ಯಾನ್ ಇಷ್ಟು ಬೇಗ ಸೋಲುತ್ತಾನೆಯೇ ಎಂದು ತೀರ್ಮಾನವಾಗುತ್ತದೆ. ಗುಟ್ಟು ರಟ್ಟಾಗದಂತೆ ಕಾಪಾಡಿದ್ದು ನೆಗಡಿ!

“ಅಷ್ಟು ಜ್ವರ ಇಟ್ಕೊಂಡು ಹುಡುಗ ಹೊರಗೆ ಹೊರಟರೆ ಮನೇಲಿ ಯಾರೂ ಕೇಳಲಿಲ್ವಾ?” ಎಂದು ಅಕ್ಕ. ಅವರಿಗೆ ಆಕ್ಟೋಪಸ್ಸಿನ ನಾಲ್ಕು ತೋಳಿನ ಮೇಲೆ ಆಸಕ್ತಿ ಇಲ್ಲ.

“ದೊಡ್ಡಮ್ಮ ಇದ್ದರು ಅಕ್ಕ. ಮೇ ದೊಡ್ಡಮ್ಮ. ಅವರಿಗೆ ಗೊತ್ತಾಗದ ಹಾಗೆ ಹೋಗೋದೇ ಅವನ ಕೆಲಸ.”

“ಅದಕ್ಕೇ ನೆಗಡಿ ಹೆಚ್ಚಾಗಿದ್ದು.”

ನನಗೆ ಇದರಲ್ಲಿ ಬೇರೆಯೇ ಒಂದು ಸಂಕಟ ಕಾಣುತ್ತದೆ. ಸ್ಪೈಡರ್‌ಮ್ಯಾನ್‌ನ ಮುಖವಾಡ ಇಡೀ ತಲೆಗೆ ಹಾಕುವಂಥದ್ದು. ಚಿತ್ರಕಾರ ಸ್ಟೀವ್ ಡಿಟ್ಕೊ ಅದಕ್ಕೆ ಬಾಯಿಯನ್ನೂ ಬಿಡಲಿಲ್ಲ, ಮೂಗನ್ನೂ ಬಿಡಲಿಲ್ಲ. ಬ್ಯಾಟ್‌ಮ್ಯಾನ್ ಆದರೆ ಬಾಯಿ ಗದ್ದ ಹೊರಗೆ ಬಿಟ್ಟುಕೊಂಡು ಹಾಯಾಗಿದ್ದಾನೆ. ಇವನಿಗೆ ತಿನ್ನಬೇಕಾದರೂ ಮುಖವಾಡವನ್ನು ಮೂಗಿನವರೆಗೆ ಸುರುಳಿ ಸುತ್ತಬೇಕು. ಅಂಥದ್ದರಲ್ಲಿ ಎರಡು ಕಟ್ಟಡಗಳ ನಡುವೆ ಜೋತಾಡುತ್ತಿರುವಾಗ ಸೀನು ಬಂದರೆ? ಒಂದು ಕೈಯಲ್ಲಿ ಬಲೆ, ಇನ್ನೊಂದು ಕೈ ಮುಂದಿನ ಬಲೆಗೆ ತಯಾರು. ಕರ್ಚೀಫು ಇಡುವುದಕ್ಕೆ ಆ ಉಡುಪಿನಲ್ಲಿ ಜೇಬೆಲ್ಲಿದೆ? ಮಾಸ್ಕಿನೊಳಗೇ ಸೀನಿದರೆ ಏನಾಗುತ್ತದೆ ಎಂಬ ಜ್ಞಾನ 2020ರ ನಂತರ ಲೋಕಕ್ಕೆಲ್ಲ ಬಂದಿದೆ, ನಾನು ಬಿಡಿಸಿ ಹೇಳಬೇಕಾಗಿಲ್ಲ.

ಸೂಪರ್‌ಹೀರೋ ಎಂದರೆ ಕಾಯಿಲೆ ಕಸಾಲೆ ಇಲ್ಲದವನು ಎಂಬ ಹುಡುಗನ ನಂಬಿಕೆಯೂ ಸುಮ್ಮನೆ ಬಂದದ್ದಲ್ಲ. ಅದನ್ನು ಹಾಕಿಕೊಟ್ಟವನು ಸೂಪರ್‌ಮ್ಯಾನ್. ಅಮೆರಿಕದ ಕ್ಲೀವ್‌ಲ್ಯಾಂಡಿನ ಜೆರ್ರಿ ಸೀಗಲ್, ಜೋ ಶುಸ್ಟರ್ ಎಂಬ ಇಬ್ಬರು ಹುಡುಗರು ಸೃಷ್ಟಿಸಿದ, 1938ರಲ್ಲಿ ‘ಆಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆಯಲ್ಲಿ ಕಾಣಿಸಿಕೊಂಡ ಆ ಮಹಾನುಭಾವನಿಗೆ ಸೂರ್ಯನ ಬಿಸಿಲೇ ಬಲ. ಹಸಿವಿಲ್ಲ, ಅಜೀರ್ಣವಿಲ್ಲ, ಇಂಜೆಕ್ಷನ್ ಚುಚ್ಚೋಣವೆಂದರೆ ಸೂಜಿಯೇ ಬಾಗುತ್ತದೆ. ಇಂಥವನ ಜೊತೆ ಯಾರು ಏನು ಮಾತಾಡಬೇಕು? ಸೊಂಟನೋವು ಹೇಳಿಕೊಂಡರೆ ಅರ್ಥವಾಗದವನ ಜೊತೆ ನೆರೆಹೊರೆ ಮಾಡುವುದು ಕಷ್ಟ.

ಆದರೆ ಅವನನ್ನು ಸೃಷ್ಟಿಸಿದವರ ಪಾಡು ಬೇರೆಯೇ ಆಯಿತು. ಆ ಹುಡುಗರು ಸೂಪರ್‌ಮ್ಯಾನ್‌ನ ಹಕ್ಕನ್ನು ಮಾರಿದ್ದು 130 ಡಾಲರಿಗೆ. ಆಮೇಲೆ ಅವನ ಹೆಸರಿನಲ್ಲಿ ಸಿನಿಮಾ, ಆಟಿಕೆ, ಅಂಗಿ, ಏನೇನು ಮಾರಾಟವಾಯಿತೋ ಲೆಕ್ಕವಿಟ್ಟವರಿಲ್ಲ. ಇವರಿಬ್ಬರು ಮುಪ್ಪಿನಲ್ಲಿ ಕೈಯಲ್ಲಿ ಕಾಸಿಲ್ಲದೆ ಒದ್ದಾಡಿದರು, ಚಿತ್ರ ಬರೆದ ಶುಸ್ಟರ್‌ನ ದೃಷ್ಟಿಯೂ ಕೆಟ್ಟಿತು. ಪತ್ರಿಕೆಗಳಲ್ಲೆಲ್ಲ ಗದ್ದಲವಾದ ಮೇಲೆ 1975ರಲ್ಲಿ ಕಂಪನಿ ವರ್ಷಕ್ಕೆ 20,000 ಡಾಲರ್ ಪಿಂಚಣಿ ಕೊಡಲು ಒಪ್ಪಿತು.

“ಮೆಡಿಕಲ್ ಸೇರಿಸಿದ್ದರೋ?” ರಾಯರ ಪ್ರಶ್ನೆ ತಟ್ಟನೆ ಬಂತು. ಅವರು ಬ್ಯಾಂಕಿನಲ್ಲಿ ಆಫೀಸರಾಗಿ ನಿವೃತ್ತರಾದವರು. ಪಿಂಚಣಿ ಎಂಬ ಶಬ್ದ ಕಿವಿಗೆ ಬಿದ್ದರೆ ನಿದ್ದೆಯಲ್ಲೂ ಎದ್ದು ಕೂರುತ್ತಾರೆ.

“ಸೇರಿಸಿದ್ದರು.”

“ಹಾಗಾದರೆ ಪರವಾಗಿಲ್ಲ.”

ಸೂಪರ್‌ಮ್ಯಾನ್ ಬಂದು 24 ವರ್ಷವಾದ ಮೇಲೆ, 1962ರ ಆಗಸ್ಟಿನ ‘ಅಮೇಜಿಂಗ್ ಫ್ಯಾಂಟಸಿ’ ಎಂಬ ಕಾಮಿಕ್ಸಿನಲ್ಲಿ ಸ್ಪೈಡರ್‌ಮ್ಯಾನ್ ಬಂದ. ಬೆಲೆ 12 ಸೆಂಟು. ಅದು ಆ ಪತ್ರಿಕೆಯ ಕೊನೆಯ ಸಂಚಿಕೆ. ಹೇಗೂ ಮುಚ್ಚುವ ಅಂಗಡಿ, ಏನನ್ನಾದರೂ ಇಟ್ಟು ಮಾರಲಿ ಎಂದು ಒಳಗೆ ಬಿಟ್ಟುಕೊಂಡರು. ಕತೆ ಬರೆದ ಸ್ಟ್ಯಾನ್ ಲೀ ಇದನ್ನು ಆಮೇಲೆ ಎಷ್ಟೋ ಸಲ ಹೇಳಿಕೊಂಡಿದ್ದಾನೆ: ಪ್ರಕಾಶಕ ಮಾರ್ಟಿನ್ ಗುಡ್‌ಮನ್‌ಗೆ ಈ ಹುಡುಗ ಸ್ವಲ್ಪವೂ ಹಿಡಿಸಿರಲಿಲ್ಲ. ಜೇಡ ಎಂದರೆ ಜನಕ್ಕೆ ಅಸಹ್ಯ, ಹದಿಹರೆಯದವನು ಹೀರೋನ ಪಕ್ಕದಲ್ಲಿ ನಿಲ್ಲಬಹುದೇ ಹೊರತು ತಾನೇ ಹೀರೋ ಆಗುವುದಿಲ್ಲ, ಎಲ್ಲಕ್ಕಿಂತ ಹೆಚ್ಚಾಗಿ ಹೀರೋಗಳಿಗೆ ಮನೆ ತಾಪತ್ರಯ ಇರಕೂಡದು. ಮೂರೂ ಆಕ್ಷೇಪಣೆಗಳನ್ನು ಓದುಗರು ತಳ್ಳಿಹಾಕಿದರು. ಅದರಲ್ಲೂ ಮೂರನೆಯದನ್ನು. ಅವರಿಗೆ ಬೇಕಾಗಿದ್ದುದೇ ಅದು.

ತಾಪತ್ರಯ ಎಂದರೆ ಎಂಥದ್ದು? 1963ರಲ್ಲಿ ಸ್ಪೈಡರ್‌ಮ್ಯಾನ್‌ನದೇ ಹೆಸರಿನ ಪತ್ರಿಕೆಯ ಮೊದಲ ಸಂಚಿಕೆ ಬಂತಲ್ಲ, ಅದನ್ನೇ ನೋಡಿ. ದೊಡ್ಡಪ್ಪ ಬೆನ್ ತೀರಿಕೊಂಡಿದ್ದಾರೆ. ಬಾಡಿಗೆ ಕಟ್ಟಲು ದುಡ್ಡಿಲ್ಲ. ಮೇ ದೊಡ್ಡಮ್ಮ ಒಡವೆ ಗಿರವಿ ಇಡುತ್ತಾರೆ. ಹುಡುಗ ನೋಡುತ್ತಾನೆ, ಹೊಟ್ಟೆ ಉರಿಯುತ್ತದೆ. ಸರಿ, ಗೋಡೆ ಹತ್ತುವ ವಿದ್ಯೆಯಾದರೂ ಇದೆಯಲ್ಲ ಎಂದು ವೇದಿಕೆಯ ಮೇಲೆ ಪ್ರದರ್ಶನ ಕೊಟ್ಟು ಸಂಭಾವನೆ ಕೇಳುತ್ತಾನೆ. ನಿನ್ನ ಹೆಸರೇನಪ್ಪ, ಲೆಕ್ಕಕ್ಕೆ ಬರೆದುಕೊಳ್ಳಬೇಕು ಎನ್ನುತ್ತಾರೆ. ಹೆಸರು ಹೇಳುವ ಹಾಗಿಲ್ಲ. ಕೊನೆಗೆ ‘ಸ್ಪೈಡರ್‌ಮ್ಯಾನ್’ ಎಂಬ ಹೆಸರಿಗೇ ಚೆಕ್ಕು ಬರೆದುಕೊಡುತ್ತಾರೆ. ಅದನ್ನು ಹಿಡಿದು, ಅದೇ ಕೆಂಪು ನೀಲಿ ವೇಷದಲ್ಲಿ ಬ್ಯಾಂಕಿಗೆ ಹೋಗಿ ಕೌಂಟರಿನ ಮುಂದೆ ನಿಲ್ಲುತ್ತಾನೆ. ಗುರುತಿನ ದಾಖಲೆ ತೋರಿಸಿ ಎನ್ನುತ್ತಾನೆ ಗುಮಾಸ್ತ. ನನ್ನ ವೇಷ ಕಾಣುತ್ತಿಲ್ಲವೇ ಎಂದರೆ, ವೇಷ ಯಾರು ಬೇಕಾದರೂ ಹಾಕಬಹುದು ಎಂಬ ಉತ್ತರ.

“ನೂರಕ್ಕೆ ನೂರು ಸರಿ!” ರಾಯರು ಕಾಂಪೌಂಡಿನ ಮೇಲೆ ಗುದ್ದಿದರು. “ಆ ಗುಮಾಸ್ತನಿಗೆ ಪ್ರಮೋಷನ್ ಕೊಡಬೇಕು ಸ್ವಾಮಿ. ಅಕೌಂಟೇ ಇಲ್ಲದವನ ಹೆಸರಿಗೆ ಚೆಕ್ ಬರೆದವನು ಮೊದಲನೇ ಮೂರ್ಖ, ಅದನ್ನ ತಗೊಂಡವನು ಎರಡನೆಯವನು. ಈಗಿನ ಕಾಲ ಆಗಿದ್ರೆ ಕೆವೈಸಿ ಇಲ್ಲದೆ ಬಾಗಿಲಲ್ಲೇ ನಿಲ್ಲಿಸ್ತಿದ್ರು. ಬೆರಳಚ್ಚು ಕೊಡು ಅಂದ್ರೆ ಗ್ಲೌಸ್ ಬಿಚ್ಚಬೇಕು, ಫೋಟೋ ಅಂದ್ರೆ ಮುಖವಾಡ ಬಿಚ್ಚಬೇಕು.”

ನಲವತ್ತು ಮಹಡಿ ಹತ್ತಿದವನನ್ನು ಒಂದು ಕೌಂಟರು ಸೋಲಿಸಿತು. ಸ್ಟ್ಯಾನ್ ಲೀಯ ಜಾಣತನ ಇರುವುದು ಇಲ್ಲಿಯೇ ಎನ್ನುವುದು ನನ್ನ ವಾದ. ಬ್ಯಾಂಕ್ ದರೋಡೆ ತಡೆಯುವ ಹೀರೋಗಳು ಅಲ್ಲಿಗಾಗಲೇ ಬೇಕಾದಷ್ಟಿದ್ದರು, ಬ್ಯಾಂಕಿನಲ್ಲಿ ಕ್ಯೂ ನಿಂತು ಬರಿಗೈಯಲ್ಲಿ ವಾಪಸಾದವನು ಇವನು. ಅದೇ ಸಂಚಿಕೆಯಲ್ಲಿ ಇನ್ನೊಂದು ಪ್ರಯತ್ನವೂ ಆಗುತ್ತದೆ. ‘ಫೆಂಟಾಸ್ಟಿಕ್ ಫೋರ್’ ಎಂಬ ದೊಡ್ಡ ಹೀರೋಗಳ ತಂಡಕ್ಕೆ ಸೇರೋಣ, ಸಂಬಳ ಚೆನ್ನಾಗಿ ಕೊಟ್ಟಾರು ಎಂದು ಅವರ ಕಟ್ಟಡಕ್ಕೇ ನುಗ್ಗುತ್ತಾನೆ. ಅವರೋ, ನಾವು ಲಾಭಕ್ಕೆ ನಡೆಸುತ್ತಿಲ್ಲ, ಇಲ್ಲಿ ಯಾರಿಗೂ ಸಂಬಳವಿಲ್ಲ ಎಂದುಬಿಡುತ್ತಾರೆ. ಮನೆ ಬಾಡಿಗೆಯ ಚಿಂತೆ ಇಲ್ಲದವರು ಸಮಾಜಸೇವೆಯ ಮಾತಾಡುವುದು ಎಲ್ಲ ಊರಲ್ಲೂ ಒಂದೇ.

ಅವನ ಬಲೆಯೂ ಮೈಯಿಂದ ಹುಟ್ಟುವುದಲ್ಲ. ಕಾಮಿಕ್ಸಿನಲ್ಲಿ ಅದು ಅವನೇ ಕೂತು ತಯಾರಿಸಿದ ದ್ರವ, ಮಣಿಕಟ್ಟಿಗೆ ಕಟ್ಟಿಕೊಂಡ ಯಂತ್ರದಿಂದ ಚಿಮ್ಮುತ್ತದೆ. ನೆಂಟರು ಬಂದ ದಿನ ಒಗ್ಗರಣೆಯ ಹೊತ್ತಿಗೆ ಸಿಲಿಂಡರು ಖಾಲಿಯಾಗುವ ಹಾಗೆ ಆ ದ್ರವವೂ ಹೊಡೆದಾಟದ ನಡುವೆಯೇ ಮುಗಿಯುತ್ತದೆ. 2004ರ ‘ಸ್ಪೈಡರ್‌ಮ್ಯಾನ್ 2’ ಸಿನಿಮಾದಲ್ಲಿ ನಿರ್ದೇಶಕ ಸ್ಯಾಮ್ ರೈಮಿ ಈ ಜಾತಿಯ ಕಷ್ಟಗಳನ್ನೇ ಗುಡ್ಡೆ ಹಾಕಿ ತೋರಿಸಿದ. ಅದರಲ್ಲಿ ಪೀಟರ್ ಪಿಜ್ಜಾ ತಲುಪಿಸುವ ಕೆಲಸ ಮಾಡುತ್ತಾನೆ, ದಾರಿಯಲ್ಲಿ ಮಕ್ಕಳನ್ನು ಕಾಪಾಡಲು ಹೋಗಿ ತಡವಾಗಿ ಕೆಲಸ ಕಳೆದುಕೊಳ್ಳುತ್ತಾನೆ. ಬಾಡಿಗೆಗೆ ಓನರು ಕಾದು ನಿಂತಿರುತ್ತಾನೆ. ಸಾರ್ವಜನಿಕ ವಾಷಿಂಗ್ ಮೆಷಿನ್ನಿಗೆ ವೇಷವನ್ನೂ ಬಿಳಿ ಬಟ್ಟೆಯನ್ನೂ ಒಟ್ಟಿಗೇ ಹಾಕಿ ತೆಗೆದರೆ ವೇಷದ ಬಣ್ಣವೆಲ್ಲ ಬಿಳಿ ಬಟ್ಟೆಗೆ ಇಳಿದಿರುತ್ತದೆ.

“ಬಣ್ಣ ಬಿಡೋ ಬಟ್ಟೇನ ಬೇರೆ ನೆನೆಸಬೇಕು ಅನ್ನೋಷ್ಟೂ ಗೊತ್ತಿಲ್ವಾ?” ಅಕ್ಕ ಕೇಳಿದರು. “ಮೊದಲನೇ ಸಲ ಕಲ್ಲುಪ್ಪು ಹಾಕಿ ನೆನೆಸಿಡಬೇಕಪ್ಪ.”

ಅದೇ ಚಿತ್ರದಲ್ಲಿ ಅವನ ಶಕ್ತಿ ಕೈಕೊಡುತ್ತದೆ. ಬಲೆ ಚಿಮ್ಮುವುದಿಲ್ಲ, ಗೋಡೆಗೆ ಕೈ ಅಂಟುವುದಿಲ್ಲ. ಕಟ್ಟಡದ ತುದಿಯಿಂದ ಇಳಿಯಲು ಲಿಫ್ಟಿಗೆ ಹತ್ತುತ್ತಾನೆ. ಒಳಗಿದ್ದವನೊಬ್ಬ ಡ್ರೆಸ್ ಚೆನ್ನಾಗಿದೆ ಎಂದರೆ, ಕೆರೆತ ಬರುತ್ತದೆ ಎಂದು ಇವನು ಒಪ್ಪಿಕೊಳ್ಳುತ್ತಾನೆ. ಡಾಕ್ಟರ ಹತ್ತಿರ ಹೋಗಿ, ಗೆಳೆಯನಿಗೊಂದು ಕನಸು ಬೀಳುತ್ತದೆ ಎಂದು ಸುತ್ತಿಬಳಸಿ ಹೇಳಿಕೊಳ್ಳುತ್ತಾನೆ. ಶಕ್ತಿ ಮರಳಿತೆಂದು ಮಹಡಿಯಿಂದ ಹಾರಿ ಬಿದ್ದು ಬೆನ್ನು ಹಿಡಿದುಕೊಂಡು ಕುಂಟುತ್ತಾನೆ. ಇಡೀ ಚಿತ್ರದಲ್ಲಿ ನನಗೆ ಹೆಚ್ಚು ಇಷ್ಟವಾದ ಜಾಗ ಆ ಲಿಫ್ಟು. ಇಬ್ಬರೂ ಎದುರಿನ ಬಾಗಿಲು ನೋಡುತ್ತ ಮಾತು ಮುಗಿದ ಮೇಲೂ ನಿಂತಿರುತ್ತಾರೆ. ಲಿಫ್ಟಿನ ಮುಜುಗರಕ್ಕೆ ಸೂಪರ್‌ಹೀರೋ ಎಂಬ ರಿಯಾಯಿತಿ ಇಲ್ಲ.

ರಾಯರಿಗೆ ಮಂಡಿನೋವು. ಹಾಗಾಗಿ ಅವರ ಪಕ್ಷ ಬ್ಯಾಟ್‌ಮ್ಯಾನ್‌ನದು. 2012ರಲ್ಲಿ ಬಂದ ‘ದಿ ಡಾರ್ಕ್ ನೈಟ್ ರೈಸಸ್’ನಲ್ಲಿ ಬ್ರೂಸ್ ವೇಯ್ನ್, ಅಂದರೆ ಮುಖವಾಡ ತೆಗೆದ ಬ್ಯಾಟ್‌ಮ್ಯಾನ್, ಕೋಲೂರಿಕೊಂಡು ನಡೆಯುತ್ತಾನೆ. ಆಸ್ಪತ್ರೆಗೆ ಹೋದರೆ ಡಾಕ್ಟರು, ನಿಮ್ಮ ಮಂಡಿಯಲ್ಲಿ ಮೃದ್ವಸ್ಥಿಯೇ ಉಳಿದಿಲ್ಲ ಎಂದು ಬೇರೆ ಕೀಲುಗಳ ಗತಿಯನ್ನೂ ಒಂದೊಂದಾಗಿ ಓದಿ ಹೇಳುತ್ತಾನೆ. ವರ್ಷಗಟ್ಟಲೆ ಮಾಳಿಗೆಯಿಂದ ಮಾಳಿಗೆಗೆ ಹಾರಿದರೆ ಆಗುವುದು ಅದೇ ತಾನೆ? “ನನಗೂ ಎಕ್ಸ್‌ರೇ ನೋಡಿ ಇದನ್ನೇ ಹೇಳಿದ್ದು,” ಎಂದರು ರಾಯರು, ಮುಖದಲ್ಲಿ ಸಣ್ಣ ಹೆಮ್ಮೆ. “ಇವರು ಹಾರಿದ್ದು ಯಾವ ಮಾಳಿಗೆ ಅಂತ ಕೇಳಿ,” ಎಂದರು ಅಕ್ಕ.

ಊಟಕ್ಕೆ ಬರೋಣ. ಹುಡುಗನ ಬಾಯಿಗೆ ಕಷಾಯದ ಖಾರ ಹತ್ತಿ ಈಗ ತಿಂಡಿಯ ಕಡೆ ಗಮನ ಹರಿದಿತ್ತು. ಸ್ಪೈಡರ್‌ಮ್ಯಾನ್ ಏನು ತಿನ್ನುತ್ತಾನೆ ಎಂದು ಕೇಳಿದ. ಅದಕ್ಕೂ ದಾಖಲೆ ಇದೆ. 1962ರ ಆ ಮೊದಲ ಕತೆಯಲ್ಲೇ ಬೆಳಗ್ಗೆ ದೊಡ್ಡಪ್ಪ ಬಂದು ಎಬ್ಬಿಸುತ್ತಾರೆ, ದೊಡ್ಡಮ್ಮ ಅವನಿಗೆ ಇಷ್ಟವೆಂದು ವೀಟ್‌ಕೇಕ್ ಮಾಡಿಟ್ಟಿರುತ್ತಾರೆ. ನಮ್ಮ ಕಡೆಯ ಗೋಧಿ ದೋಸೆಯನ್ನು ಸ್ವಲ್ಪ ದಪ್ಪ ಹುಯ್ದರೆ ಹೆಚ್ಚುಕಡಿಮೆ ಅದೇ. ಜೇಡ ಕಚ್ಚುವುದು ಆಮೇಲೆ, ಮೊದಲು ತಿಂಡಿ. ಕ್ರಮ ಸರಿಯಾಗಿದೆ.

ನಮ್ಮ ಕಾಲದ ಹುಡುಗರಿಗೆ ಪರಿಚಯವಾಗಿದ್ದವನು ಇಂದ್ರಜಾಲ ಕಾಮಿಕ್ಸಿನ ಫ್ಯಾಂಟಮ್. ಅವನು ಪುಂಡರು ತುಂಬಿದ ಬಾರಿಗೆ ನುಗ್ಗಿ, ಕೌಂಟರಿನಲ್ಲಿ ಹಾಲು ಕೇಳುತ್ತಿದ್ದ. ನಕ್ಕವನ ದವಡೆ ಮುರಿಯುತ್ತಿತ್ತು. ನಮ್ಮ ತಾಯಂದಿರು ಒಪ್ಪಿದ ಏಕೈಕ ಕಾಮಿಕ್ಸ್ ಹೀರೋ ಅವನೇ ಇರಬೇಕು. ಇನ್ನು ಫ್ಲ್ಯಾಶ್ ಎಂಬವನಿದ್ದಾನೆ, ಮಿಂಚಿನ ವೇಗದಲ್ಲಿ ಓಡುವವನು. 2014ರ ಟೀವಿ ಧಾರಾವಾಹಿಯ ಆರಂಭದಲ್ಲೇ ಅವನು ಓಡಿ ಓಡಿ ತಲೆ ತಿರುಗಿ ಬೀಳುತ್ತಾನೆ. ಪರೀಕ್ಷಿಸಿದರೆ, ಹೊಟ್ಟೆಗೆ ಸಾಲದೆ ಆದದ್ದು. ಖರ್ಚಾಗುವ ಶಕ್ತಿಗೆ ಸರಿದೂಗಿಸಲು 850 ಟಾಕೋ ತಿನ್ನಬೇಕಾಗುತ್ತದೆ ಎಂದು ಗೆಳೆಯ ಲೆಕ್ಕ ಹಾಕಿ ಹೇಳುತ್ತಾನೆ. ಅಷ್ಟನ್ನು ಲಟ್ಟಿಸಿ ಬೇಯಿಸುವವರು ಯಾರು ಎಂದು ಅವನು ಹೇಳುವುದಿಲ್ಲ.

ಊಟದ ದೃಶ್ಯವೆಂದರೆ 2012ರ ‘ಅವೆಂಜರ್ಸ್’ನದು. ನ್ಯೂಯಾರ್ಕನ್ನು ಅನ್ಯಗ್ರಹದವರಿಂದ ಬಿಡಿಸಿಕೊಂಡ ಮೇಲೆ, ಹೆಸರುಗಳೆಲ್ಲ ಉರುಳಿ ಮುಗಿದ ಮೇಲೆ, ಆರೂ ಜನ ಒಂದು ಸಣ್ಣ ಹೋಟೆಲಿನಲ್ಲಿ ಕೂತು ಶವರ್ಮಾ ತಿನ್ನುತ್ತಾರೆ. ಒಬ್ಬರೂ ಮಾತಾಡುವುದಿಲ್ಲ. ಹಿಂದೆ ಒಬ್ಬ ನೆಲ ಗುಡಿಸುತ್ತಿರುತ್ತಾನೆ. ಮದುವೆಮನೆಯಲ್ಲಿ ಕೊನೆಯ ಪಂಕ್ತಿಗೆ ಕೂತ ಬಡಿಸುವವರ ಮುಖ ನೋಡಿದವರಿಗೆ ಈ ದೃಶ್ಯ ಬಿಡಿಸಿ ಹೇಳಬೇಕಿಲ್ಲ. ಅದರಲ್ಲಿ ಕ್ಯಾಪ್ಟನ್ ಅಮೆರಿಕ ಮಾತ್ರ ತಿನ್ನದೆ ಮುಖಕ್ಕೆ ಕೈ ಅಡ್ಡ ಹಿಡಿದು ಕೂತಿದ್ದಾನೆ. ಕಾರಣ ಲೌಕಿಕವಾದದ್ದೇ. ಆ ತುಣುಕನ್ನು ಚಿತ್ರೀಕರಿಸಿದ್ದು ಎಲ್ಲ ಮುಗಿದು ಹಾಲಿವುಡ್ಡಿನಲ್ಲಿ ಚಿತ್ರದ ಮೊದಲ ಪ್ರದರ್ಶನವಾದ ಮೇಲೆ. ಅಷ್ಟರಲ್ಲಿ ನಟ ಕ್ರಿಸ್ ಇವಾನ್ಸ್ ಇನ್ನೊಂದು ಸಿನಿಮಾಕ್ಕೆ ಗಡ್ಡ ಬಿಟ್ಟಿದ್ದ. ಗಡ್ಡದ ಮೇಲೆ ನಕಲಿ ದವಡೆ ಅಂಟಿಸಿಕೊಂಡು ಶವರ್ಮಾ ಅಗಿಯಲು ಸಾಧ್ಯವೇ?

“ನಮ್ಮಲ್ಲಿ ಇದೆಲ್ಲ ಆಗಲೇ ಆಗಿಹೋಗಿದೆ,” ಎಂದರು ರಾಯರು. “1957ರಲ್ಲಿ ‘ಮಾಯಾಬಜಾರ್’ ಬಂದಾಗ ಎಸ್.ವಿ. ರಂಗರಾವ್ ಘಟೋತ್ಕಚ ಆಗಿ ಕೂತು ಮದುವೆ ಊಟ ಪೂರಾ ಖಾಲಿ ಮಾಡಲಿಲ್ವೇ? ಲಾಡು ತಾವಾಗೇ ಹಾರಿ ಬಾಯಿಗೆ ಬೀಳ್ತಿತ್ತು.”

ಅಕ್ಕ ಲೋಟ ತೊಳೆದು ಬೋರಲು ಹಾಕಿ ಬಂದು, ನಮ್ಮಿಬ್ಬರಿಗೂ ಹೊಳೆಯದೇ ಹೋದ ಪ್ರಶ್ನೆ ಹಾಕಿದರು. “ಇಷ್ಟು ಹೊತ್ತು ಹೇಳಿದ್ರಲ್ಲ, ಇವರಲ್ಲಿ ಅಡಿಗೆ ಮಾಡೋಕೆ ಬರೋದು ಯಾರಿಗೆ?”

ಕಾಂಪೌಂಡಿನ ಎರಡೂ ಕಡೆ ಯಾರೂ ಬಾಯಿ ಬಿಡಲಿಲ್ಲ. ಬ್ಯಾಟ್‌ಮ್ಯಾನ್‌ಗೆ 1943ರಿಂದ ಆಲ್‌ಫ್ರೆಡ್ ಇದ್ದಾನೆ. ಅಡಿಗೆ ಅವನದು, ಇಸ್ತ್ರಿ ಅವನದು, ಗಾಯಕ್ಕೆ ಹೊಲಿಗೆ ಹಾಕುವುದೂ ಅವನೇ. ಗೋಥಮ್ ನಗರಕ್ಕೆ ರಾತ್ರಿ ಪಾಳಿ ಮಾಡಿ ಬೆಳಗಿನ ಜಾವ ಬಂದವನಿಗೆ ತಟ್ಟೆ ಮುಚ್ಚಿಟ್ಟು ಕಾಯುವ ಆ ಮನುಷ್ಯನ ಹೆಸರಿನಲ್ಲಿ ಟೀ ಶರ್ಟು ಹಾಕಿಕೊಂಡ ಮಗುವನ್ನು ನಾನು ನೋಡಿಲ್ಲ. ಸ್ಪೈಡರ್‌ಮ್ಯಾನ್‌ಗೆ ಮೇ ದೊಡ್ಡಮ್ಮ. ‘ದಿ ಇನ್‌ಕ್ರೆಡಿಬಲ್ಸ್’ನ ಎರಡನೇ ಭಾಗ 2018ರಲ್ಲಿ ಬಂತಲ್ಲ, ಅದರಲ್ಲಿ ಹೆಂಡತಿ ಲೋಕ ಕಾಯಲು ಹೋಗುತ್ತಾಳೆ, ಗಂಡ ಮನೆಯಲ್ಲಿ ಮಗುವನ್ನೂ ಮಗನ ಗಣಿತದ ಹೋಂವರ್ಕನ್ನೂ ನೋಡಿಕೊಂಡು ನಿದ್ದೆಗೆಟ್ಟು ಕೆಂಗಣ್ಣಾಗುತ್ತಾನೆ. ಕಟ್ಟಡ ಎತ್ತುವ ತೋಳು ಅಲ್ಲಿ ಪ್ರಯೋಜನಕ್ಕೆ ಬರುವುದಿಲ್ಲ. ಮಲಯಾಳಂನ ‘ಮಿನ್ನಲ್ ಮುರಳಿ’ಯ ಜೈಸನ್‌ಗೆ ಅಷ್ಟೊಂದು ಅಸಹಾಯಕತೆ ಇಲ್ಲ, ಅವನು ದರ್ಜಿ, ಹರಿದದ್ದನ್ನಾದರೂ ಹೊಲಿದುಕೊಂಡಾನು. ಆದರೆ ಅಕ್ಕ ಕೇಳಿದ್ದು ಹೊಲಿಗೆಯನ್ನಲ್ಲ.

ನಮ್ಮ ದೇಶದ ಸ್ಪೈಡರ್‌ಮ್ಯಾನ್ ಒಬ್ಬನಿದ್ದಾನೆ, ಪವಿತ್ರ್ ಪ್ರಭಾಕರ್. 2004ರಲ್ಲಿ ಬಂದ ಕಾಮಿಕ್ಸಿನಲ್ಲಿ ಪಂಚೆ ಕಚ್ಚೆ ಹಾಕಿಕೊಂಡೇ ಮುಂಬೈಯ ಮೇಲೆ ಜೋತಾಡಿದವನು. ಅವನನ್ನೂ ಸಾಕುವುದು ಮಾಯಾ ಆಂಟಿಯೇ. ಅವನ ತೀರಿಹೋದ ಅಂಕಲ್ ಹೆಸರು ಭೀಮ್.

ಹೆಸರು ಬಾಯಿಗೆ ಬಂದದ್ದೇ ತಡ, ರಾಯರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಘಟೋತ್ಕಚನವರೆಗೆ ಬಂದವರು ಅವನ ಅಪ್ಪನನ್ನೇ ಬಿಟ್ಟಿದ್ದೆವು!

ಭೀಮನಿಗೆ ಬಾರದ ತಾಪತ್ರಯ ಯಾವುದು? ಚಿಕ್ಕಂದಿನಲ್ಲೇ ದುರ್ಯೋಧನ ಊಟದಲ್ಲಿ ವಿಷ ಹಾಕಿ ಗಂಗೆಗೆ ನೂಕಿದ. ಅಲ್ಲಿ ಹಾವು ಕಚ್ಚಿ ವಿಷಕ್ಕೆ ವಿಷವೇ ಮದ್ದಾಯಿತು. ನಾಗಲೋಕದಲ್ಲಿ ರಸ ಕುಡಿದು ಮಲಗಿದವನು ಎದ್ದದ್ದು ಎಂಟನೆಯ ದಿನ. ಇಂಥ ಫುಡ್ ಪಾಯಿಸನ್ ಯಾವ ಕಾಮಿಕ್ಸಿನಲ್ಲೂ ಇಲ್ಲ. ಏಕಚಕ್ರದಲ್ಲಿ ಭಿಕ್ಷೆ ತಂದ ಅನ್ನವನ್ನು ಕುಂತಿ ಎರಡು ಪಾಲು ಮಾಡಿ, ಒಂದನ್ನು ಭೀಮನೊಬ್ಬನಿಗೇ ಇಟ್ಟು ಇನ್ನೊಂದನ್ನು ಉಳಿದವರಿಗೆಲ್ಲ ಬಡಿಸುತ್ತಿದ್ದಳು. ಬಕಾಸುರನನ್ನು ಕೊಲ್ಲಲು ಹೊರಟಾಗಲೂ ಮೊದಲು ಗಾಡಿಯ ಅನ್ನಕ್ಕೆ ಕೈಹಾಕಿದ. ಹಿಂದಿನಿಂದ ರಾಕ್ಷಸ ಬೆನ್ನಿಗೆ ಗುದ್ದುತ್ತಿದ್ದರೂ ಊಟ ಮುಗಿಸಿಯೇ ಎದ್ದ. 850 ಟಾಕೋ ಅವನಿಗೆ ಯಾವ ಲೆಕ್ಕ?

“ತಿನ್ನೋದಷ್ಟೇ ಅಲ್ಲವಲ್ಲ,” ಎಂದರು ಅಕ್ಕ. ತಮ್ಮ ಪ್ರಶ್ನೆಗೆ ಉತ್ತರ ಅವರಿಗೆ ಮೊದಲೇ ಗೊತ್ತಿತ್ತು ಅಂತ ಕಾಣುತ್ತದೆ.

ಅಲ್ಲವೇ ಅಲ್ಲ. ಅಜ್ಞಾತವಾಸದ ವರ್ಷ ಪೂರ್ತಿ ವಿರಾಟನ ಅರಮನೆಯಲ್ಲಿ ವಲಲನೆಂಬ ಹೆಸರಿನಲ್ಲಿ ಸೌಟು ಹಿಡಿದವನು ಭೀಮ. ಗುಟ್ಟಿನ ಹೆಸರು ಇವನಿಗೂ ಇತ್ತು, ವೇಷ ಇವನಿಗೂ ಇತ್ತು. ಆದರೆ ಇವನ ವೇಷವೇ ಅಡಿಗೆಯವನದು. ಆಲ್‌ಫ್ರೆಡ್ಡೂ ಅವನೇ, ಬ್ಯಾಟ್‌ಮ್ಯಾನೂ ಅವನೇ. ರಾತ್ರಿ ನಾಟ್ಯಶಾಲೆಯಲ್ಲಿ ಕೀಚಕನನ್ನು ಮುಗಿಸಿದ ಮೇಲೆ ಅವನು ಸೀದಾ ವಾಪಸು ಹೋದದ್ದು ಅಡಿಗೆಮನೆಗೆ.